ಸುಬೇದಾರರಿಗೆ ಗೇಟಿನ ಕೀಲಿ, ಕರ್ನಲ್‌ಗೆ ಎಚ್‌ಆರ್ ಕುರ್ಚಿ

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಎಚ್‌ಆರ್, ಅಂದರೆ ಮಾನವ ಸಂಪನ್ಮೂಲ ವಿಭಾಗದಲ್ಲಿ ನಾನಿದ್ದೆ. ಹಾಜರಿ, ರಜೆ, ವೇತನದ ಲೆಕ್ಕ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಸಂದರ್ಶನಕ್ಕೆ ಬಂದವರಲ್ಲಿ ಧಾರವಾಡ ಕಡೆಯ ಒಬ್ಬ ಮಾಜಿ ಹವಿಲ್ದಾರರಿದ್ದರು. ನಲವತ್ತರ ಆಸುಪಾಸಿನ ವಯಸ್ಸು, ಗರಿಗರಿಯಾದ ಬಿಳಿ ಅಂಗಿ, ಎದೆಗೆ ಒತ್ತಿ ಹಿಡಿದ ಪ್ಲಾಸ್ಟಿಕ್ ಫೈಲು. "ಎಚ್‌ಆರ್ ಅನುಭವ ಇದೆಯೇ?" ಎಂದು ಕೇಳಿದೆ. "ಇಲ್ಲ ಸರ್" ಎಂದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಅವರು ಫೈಲು ಮಡಚುವುದನ್ನು ನೋಡಿ ಮನಸ್ಸು ಒಪ್ಪದೆ, ಸೇನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಯೂನಿಟ್ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದೆ ಸರ್."

ಆಮೇಲಿನ ಅರ್ಧ ಗಂಟೆ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ಜವಾನನೊಬ್ಬ ಮದುವೆಯಾದರೆ, ಅವನಿಗೆ ಮಗು ಹುಟ್ಟಿದರೆ, ರಜೆಗೆ ಹೋದರೆ, ರಜೆ ಮುಗಿಸಿ ಬಂದರೆ, ಯಾವುದಾದರೂ ಕೋರ್ಸ್ ಪಾಸಾದರೆ ಪ್ರತಿಯೊಂದೂ 'ಪಾರ್ಟ್ ಟು ಆರ್ಡರ್' ಎಂಬ ಅಧಿಕೃತ ದಾಖಲೆಯಾಗಿ ಪ್ರಕಟವಾಗಬೇಕು. ಅದು ರೆಕಾರ್ಡ್ ಆಫೀಸಿಗೂ ವೇತನ ಕಚೇರಿಗೂ ತಲುಪಬೇಕು. ತಲುಪದಿದ್ದರೆ ಭತ್ಯೆ ನಿಲ್ಲುತ್ತದೆ, ಬಡ್ತಿ ತಡವಾಗುತ್ತದೆ. ಜವಾನ ತೀರಿಕೊಂಡ ಮೇಲೆ ದಾಖಲೆಯಲ್ಲಿ ಹೆಂಡತಿಯ ಹೆಸರಿಲ್ಲ ಎಂದಾದರೆ ಪಿಂಚಣಿಯೇ ಸಿಕ್ಕಿಹಾಕಿಕೊಳ್ಳುತ್ತದೆ. "ಹೆಸರಿನ ಒಂದು ಅಕ್ಷರ ತಪ್ಪಿದರೂ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ ಸರ್. ಅದಕ್ಕೆ ನಾನು ಮೂರು ಸಲ ಓದಿಯೇ ಸಹಿಗೆ ಕಳಿಸುತ್ತಿದ್ದೆ" ಎಂದರು.

ಆ ಹೊತ್ತಿಗೆ ನಮ್ಮ ಕಾರ್ಖಾನೆಯಲ್ಲಿ ಆಧಾರ್‌ನಲ್ಲಿ ಒಂದು ಹೆಸರು, ಭವಿಷ್ಯ ನಿಧಿ ಖಾತೆಯಲ್ಲಿ ಇನ್ನೊಂದು ಹೆಸರು ಇರುವ ಕಾರ್ಮಿಕರ ಅರ್ಜಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಹಣ ತೆಗೆಯಲಾಗದೆ ಜನ ದಿನವೂ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಆ ಕೆಲಸಕ್ಕೆ ಹೇಳಿ ಮಾಡಿಸಿದಂತಹ ಮನುಷ್ಯ ಎದುರಿಗೆ ಕೂತು, ತನಗೆ ಎಚ್‌ಆರ್ ಅನುಭವ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ್ದರು. ತಾನು ಮಾಡಿದ ಕೆಲಸಕ್ಕೆ ಊರಲ್ಲಿ ಬೇರೆ ಹೆಸರಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆ ಯಾವುದು ಎಂದು ನನಗೂ ಯಾರೂ ಕಲಿಸಿರಲಿಲ್ಲ.

ಈ ವಿಷಯವನ್ನು ಈಗ ಎತ್ತಲು ಕಾರಣವಿದೆ. ಭಾರತದ ಮೂರೂ ಸೇನೆಗಳಿಂದ ಪ್ರತಿವರ್ಷ ಸುಮಾರು 60,000 ಮಂದಿ ಹೊರಬರುತ್ತಾರೆ. ಸೇನೆ ಎಳೆಯ ವಯಸ್ಸಿನಲ್ಲೇ ಇರಬೇಕೆಂಬ ಕಾರಣಕ್ಕೆ ಅವರಲ್ಲಿ ಬಹುಪಾಲು ಜನರಿಗೆ 35ರಿಂದ 45ರೊಳಗೆ ಸಮವಸ್ತ್ರ ಕಳಚುತ್ತದೆ. ಮಕ್ಕಳು ಹೈಸ್ಕೂಲಿನಲ್ಲಿರುವ, ಮನೆ ಸಾಲ ಅರ್ಧವೂ ತೀರದ ವಯಸ್ಸು ಅದು. ಇದರ ಜೊತೆಗೆ 2022ರ ಜೂನ್ 14ರಂದು ಘೋಷಣೆಯಾದ, ಯುವಕರನ್ನು ನಾಲ್ಕೇ ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ಮೊದಲ ತಂಡಗಳ ಅವಧಿ 2026ರ ಕೊನೆ ಮತ್ತು 2027ರ ಆರಂಭದಲ್ಲಿ ಮುಗಿಯುತ್ತದೆ. ಸೇನೆಯಲ್ಲಿ ಉಳಿಯುವವರು ಗರಿಷ್ಠ ಶೇ 25. ಇನ್ನೊಂದು ಕಡೆ, 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆಗಳ ಎಚ್‌ಆರ್ ಕೆಲಸದ ಸ್ವರೂಪವೇ ಬದಲಾಗುತ್ತಿದೆ. ಹೊರಬರುವ ಜನ ಒಂದು ಕಡೆ, ಜನ ಬೇಕಾಗಿರುವ ಕೆಲಸ ಇನ್ನೊಂದು ಕಡೆ. ನಡುವೆ ಸೇತುವೆ ಸರಿಯಾಗಿಲ್ಲ.

ಸುಬೇದಾರ್ ಎಂಬ ಹಳೆಯ ಎಚ್‌ಆರ್

ಸೇನೆ ಬಿಟ್ಟು ಎಚ್‌ಆರ್‌ಗೆ ಬಂದವರು ಎಂದಾಗ ನಮ್ಮ ಕಣ್ಣಮುಂದೆ ಬರುವುದು ಮೇಜರ್, ಕರ್ನಲ್‌ಗಳ ಚಿತ್ರ. ಅದರಲ್ಲಿ ಸುಳ್ಳಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಆಡಳಿತ, ಸೌಕರ್ಯ, ಎಚ್‌ಆರ್ ವಿಭಾಗಗಳ ಮೇಲಿನ ಹುದ್ದೆಗಳಲ್ಲಿ ಮಾಜಿ ಅಧಿಕಾರಿಗಳಿದ್ದಾರೆ. ಹಲವರು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಆದರೆ ಸೇನೆಯೊಳಗೆ ದಿನದಿನದ ಎಚ್‌ಆರ್ ಕೆಲಸ ಯಾರ ಹೆಗಲ ಮೇಲಿರುತ್ತದೆ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಸೇನೆಯ ಒಂದು ಕಂಪನಿ ಎಂದರೆ ಸುಮಾರು 120 ಜನ. ಅದರ ಕಮಾಂಡರ್ ಆಗಿ ಬರುವ ಅಧಿಕಾರಿ ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೋಗುತ್ತಾರೆ. ಸುಬೇದಾರ್ ಹಾಗಲ್ಲ. ಅದೇ ರೆಜಿಮೆಂಟಿನಲ್ಲಿ ಸಿಪಾಯಿಯಾಗಿ ಸೇರಿ, ನಾಯಕ್, ಹವಿಲ್ದಾರ್, ನಾಯಬ್ ಸುಬೇದಾರ್ ಎಂದು ಮೆಟ್ಟಿಲು ಹತ್ತಿ, ಇಪ್ಪತ್ತೈದು ವರ್ಷಕ್ಕೂ ಮೀರಿ ಅದೇ ಜನರ ನಡುವೆ ಬದುಕಿರುತ್ತಾರೆ. ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಜಮೀನು ಜಗಳವಿದೆ, ಯಾರ ತಾಯಿಗೆ ಡಯಾಲಿಸಿಸ್ ನಡೆಯುತ್ತಿದೆ, ಯಾರು ಕುಡಿತಕ್ಕೆ ಬೀಳುತ್ತಿದ್ದಾರೆ, ಯಾವ ಹುಡುಗ ಮೂರು ದಿನದಿಂದ ಮನೆಗೆ ಫೋನ್ ಮಾಡಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಸಂಜೆ ರೋಲ್ ಕಾಲ್‌ನಲ್ಲಿ, ತಿಂಗಳ ಸೈನಿಕ ಸಮ್ಮೇಳನದಲ್ಲಿ "ಕೋಯಿ ಪಾಯಿಂಟ್?", ಅಂದರೆ ಏನಾದರೂ ಹೇಳುವುದಿದೆಯೇ, ಎಂದು ಕೇಳುವ ಒಂದು ಪದ್ಧತಿಯಿದೆ. ಊಟ, ರಜೆ, ಕ್ವಾರ್ಟರ್ಸ್, ವೇತನ, ಯಾವುದರ ಬಗ್ಗೆಯಾದರೂ ಜವಾನ ಎದ್ದು ನಿಂತು ಹೇಳಬಹುದು. ಎದ್ದು ಹೇಳಲಾಗದ್ದನ್ನು ಅವನು ಸುಬೇದಾರ್ ಸಾಹೇಬರ ಕಿವಿಗೆ ಹಾಕುತ್ತಾನೆ.

ಈ ಹುದ್ದೆಯ ಹುಟ್ಟನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಇವರನ್ನು ವೈಸ್‌ರಾಯ್ ಕಮಿಷನ್ಡ್ ಆಫೀಸರ್ ಎನ್ನುತ್ತಿದ್ದರು. ಬ್ರಿಟಿಷ್ ಅಧಿಕಾರಿ ಮತ್ತು ಇಂಗ್ಲಿಷ್ ಗೊತ್ತಿಲ್ಲದ ಸಿಪಾಯಿಯ ನಡುವೆ ನಿಂತು, ಮೇಲಿನ ಆಜ್ಞೆಯನ್ನು ಕೆಳಗೆ ಅರ್ಥವಾಗುವಂತೆ, ಕೆಳಗಿನ ನೋವನ್ನು ಮೇಲೆ ಕೇಳುವಂತೆ ಮಾಡುವುದೇ ಅವರ ಕೆಲಸ. ಸ್ವಾತಂತ್ರ್ಯದ ನಂತರ ಅವರು ಜೂನಿಯರ್ ಕಮಿಷನ್ಡ್ ಆಫೀಸರ್, ಅಂದರೆ ಜೆಸಿಒ ಆದರು. ಹೆಸರು ಬದಲಾಯಿತು, ಕೆಲಸ ಉಳಿಯಿತು. ಆಡಳಿತ ಮಂಡಳಿಗೂ ಕಾರ್ಮಿಕರಿಗೂ ನಡುವೆ ನಿಲ್ಲುವ ಕಾರ್ಖಾನೆಯ ಎಚ್‌ಆರ್ ಅಧಿಕಾರಿಯ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಇನ್ನೊಂದು ಹುದ್ದೆ ನನಗೆ ಗೊತ್ತಿಲ್ಲ.

ರಜೆಯ ವಿಷಯ ಒಂದನ್ನೇ ತೆಗೆದುಕೊಳ್ಳೋಣ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಕಾಗದದ ಮೇಲೆ ಧಾರಾಳವಾಗಿ ಕಾಣುತ್ತದೆ. ಆದರೆ ಗಡಿಯ ಠಾಣೆಯಲ್ಲಿ ಒಂದೇ ಸಲಕ್ಕೆ ಇಂತಿಷ್ಟೇ ಜನ ಹೋಗಬಹುದು. ದೀಪಾವಳಿ ಎಲ್ಲರಿಗೂ ಬೇಕು, ಸುಗ್ಗಿ ರೈತನ ಮಗನಿಗೆ ಬೇಕು, ತಂಗಿಯ ಮದುವೆ ಯಾರ ಮಾತನ್ನೂ ಕೇಳುವುದಿಲ್ಲ. ಯಾರನ್ನು ಕಳಿಸಬೇಕು, ಯಾರನ್ನು ನಿಲ್ಲಿಸಬೇಕು, ನಿಲ್ಲಿಸಿದವನು ಕಹಿಯಾಗದಂತೆ ಹೇಗೆ ಹೇಳಬೇಕು ಎಂಬ ಲೆಕ್ಕವನ್ನು ಸುಬೇದಾರರು ವರ್ಷಕ್ಕೆ ನೂರಾರು ಸಲ ಮಾಡುತ್ತಾರೆ. ಅವರ ಕೈಯಲ್ಲಿ ಅದಕ್ಕೊಂದು ತಂತ್ರಾಂಶ ಇರುವುದಿಲ್ಲ, ಒಂದು ನೋಟ್‌ಬುಕ್ ಇರುತ್ತದೆ.

ಅಂಥವರು ನಿವೃತ್ತರಾಗಿ ಊರಿಗೆ ಬಂದಾಗ ನಾವು ಕೊಡುವುದು ಏನು? ಸೆಕ್ಯುರಿಟಿ ಸೂಪರ್‌ವೈಸರ್ ಹುದ್ದೆ. ಒಂದು ಶಿಳ್ಳೆ, ಒಂದು ರಿಜಿಸ್ಟರ್, ಗೇಟಿನ ಕೀಲಿ. ಕಾವಲಿನ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನು ಇಷ್ಟಪಟ್ಟು, ಅಚ್ಚುಕಟ್ಟಾಗಿ ಮಾಡುವ ಮಾಜಿ ಸೈನಿಕರು ಸಾವಿರಾರು ಜನ ಇದ್ದಾರೆ. ಆದರೆ 120 ಜನರ ಮನಸ್ಸು ಓದಿದ ಮನುಷ್ಯನ ಬಳಿ ವಾಹನದ ನಂಬರ್ ಬರೆಸುವುದು ನಷ್ಟ. ಅವರಿಗೆ ಮಾತ್ರವಲ್ಲ, ಕಾರ್ಖಾನೆಗೂ ನಷ್ಟ.

ಪುನರ್ವಸತಿ ವ್ಯವಸ್ಥೆಯೂ ಈ ಒಡಕನ್ನು ಮುಚ್ಚಿಲ್ಲ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಗೆ ಮುಂಚೆ ತರಬೇತಿ ಕೋರ್ಸ್‌ಗಳನ್ನು ನಡೆಸುತ್ತದೆ. ಅಧಿಕಾರಿಗಳಿಗೆ ಐಐಎಂಗಳಂಥ ಸಂಸ್ಥೆಗಳಲ್ಲಿ 24 ವಾರಗಳ ವ್ಯವಹಾರ ನಿರ್ವಹಣೆಯ ಕೋರ್ಸ್ ಇದೆ. ಶುಲ್ಕದಲ್ಲಿ ಶೇ 60 ಸರ್ಕಾರದ್ದು, ಶೇ 40 ಅಧಿಕಾರಿಯದ್ದು. ಜೆಸಿಒ ಮತ್ತು ಇತರ ಶ್ರೇಣಿಯವರಿಗೆ ಶುಲ್ಕವೇ ಇಲ್ಲ. ಇದು ದೊಡ್ಡ ಸೌಲಭ್ಯ. ಆದರೆ ಐಐಎಂನ ಪ್ರಮಾಣಪತ್ರ ಹಿಡಿದು ಬಂದ ಅಧಿಕಾರಿಯನ್ನು ಮಾರುಕಟ್ಟೆ ಗುರುತಿಸುವಂತೆ ಸುಬೇದಾರರ ಪ್ರಮಾಣಪತ್ರವನ್ನು ಗುರುತಿಸುವುದಿಲ್ಲ. ಇದೇ ನಿರ್ದೇಶನಾಲಯದ ಪಟ್ಟಿಯಲ್ಲಿರುವ ಭದ್ರತಾ ಏಜೆನ್ಸಿಗಳು ಮಾಜಿ ಸೈನಿಕರನ್ನು ಕಾವಲಿಗೆ ಒದಗಿಸುತ್ತವೆ. ಎಲ್ಲರೂ ನಡೆದು ಸವೆದ ದಾರಿ ಅದೇ ಆಗಿರುವುದರಿಂದ ಹೊಸದಾಗಿ ಬಂದವರೂ ಅದರಲ್ಲೇ ಹೆಜ್ಜೆ ಇಡುತ್ತಾರೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ, ಸೇನೆಯದೇ ಉದ್ಯೋಗ ಸಂಸ್ಥೆ ಎಡಬ್ಲ್ಯುಪಿಒ ಇದೆ. ಅಲ್ಲಿಗೆ ಬೇಡಿಕೆ ಕಳಿಸುವಾಗ ನಮ್ಮ ಕಾರ್ಖಾನೆಗಳವರು ಬರೆಯುವುದು 'ಗನ್‌ಮ್ಯಾನ್, ಗಾರ್ಡ್, ಡ್ರೈವರ್' ಎಂದು. 'ಕಾರ್ಮಿಕ ಸಂಪರ್ಕ ಅಧಿಕಾರಿ' ಎಂದು ಬರೆದು ಕಳಿಸಿದವರನ್ನು ನಾನು ಕಂಡಿಲ್ಲ. ನಾನೇ ಎಷ್ಟೋ ವರ್ಷ ಕಳಿಸಿರಲಿಲ್ಲ.

ಹೆಸರಿನಲ್ಲಿ ಏನಿದೆ ಎನ್ನಬಾರದು. ಅಮೆರಿಕದ ಸೇನೆಯಲ್ಲಿ ನಮ್ಮ ಯೂನಿಟ್ ಕ್ಲರ್ಕ್ ಮಾಡುವಂಥದೇ ಕೆಲಸಕ್ಕೆ '42ಎ' ಎಂಬ ಸಂಕೇತವಿದೆ, ಹುದ್ದೆಯ ಹೆಸರೇ ಮಾನವ ಸಂಪನ್ಮೂಲ ತಜ್ಞ. ಆ ಸೈನಿಕ ಹೊರಗೆ ಬಂದು ಸಂದರ್ಶನಕ್ಕೆ ಕೂತರೆ, "ಎಚ್‌ಆರ್ ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಇಲ್ಲವೆನ್ನುವ ಪ್ರಮೇಯವೇ ಬರುವುದಿಲ್ಲ.

ಕೊಟ್ಟದ್ದನ್ನು ಮರೆತ ಬಂಧು

ಎಚ್‌ಆರ್ ಓದಿದ ನಮ್ಮಂಥವರು ಸೇನೆಯನ್ನು ಹೊರಗಿನದೆಂದು ಭಾವಿಸುವುದು ನನಗೆ ಬೇಸರ ತರುತ್ತದೆ, ಏಕೆಂದರೆ ನಮ್ಮ ಕೈಯಲ್ಲಿರುವ ಉಪಕರಣಗಳಲ್ಲಿ ಹಲವು ಬಂದದ್ದು ಅಲ್ಲಿಂದಲೇ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಲಕ್ಷಗಟ್ಟಲೆ ಹೊಸಬರನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ತಿಳಿಯಲು ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕಿಸ್ ನೇತೃತ್ವದಲ್ಲಿ ಆಲ್ಫಾ ಮತ್ತು ಬೀಟಾ ಪರೀಕ್ಷೆಗಳು ರೂಪುಗೊಂಡವು. ಓದು ಬಲ್ಲವರಿಗೆ ಆಲ್ಫಾ, ಬಾರದವರಿಗೆ ಚಿತ್ರಗಳ ಬೀಟಾ. ಇಂದು ಕ್ಯಾಂಪಸ್ ನೇಮಕಾತಿಯಲ್ಲಿ ನಡೆಯುವ ಸಾಮರ್ಥ್ಯ ಪರೀಕ್ಷೆಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಅಲ್ಲಿಗೇ ತಲುಪುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಅಧಿಕಾರಿಗಳ ಆಯ್ಕೆಗೆ ಗುಂಪು ಚಟುವಟಿಕೆಗಳ ಪದ್ಧತಿಯನ್ನು ತಂದಿತು. ಅದೇ ಮಾದರಿಯ, ನಮ್ಮ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನ ಬೆಂಗಳೂರಿನ ಸೆಲೆಕ್ಷನ್ ಸೆಂಟರಿನಲ್ಲೂ ನಡೆಯುತ್ತದೆ. ಐದು ದಿನ, 15 ಗುಣಗಳ ಅಳತೆ, ಒಂದೊಂದಕ್ಕೆ 15 ಸೆಕೆಂಡಿನಂತೆ 60 ಪದಗಳು, ಅರ್ಧ ಗಂಟೆಯಲ್ಲಿ 60 ಸನ್ನಿವೇಶಗಳು, ಹಗ್ಗ ಮತ್ತು ಹಲಗೆ ಹಿಡಿದು ಗುಂಪಿನಲ್ಲಿ ಅಡ್ಡಿ ದಾಟುವ ಆಟ. ಲಕ್ಷಾಂತರ ರೂಪಾಯಿ ಕೊಟ್ಟು ಕಂಪನಿಗಳು ನಡೆಸುವ 'ಅಸೆಸ್‌ಮೆಂಟ್ ಸೆಂಟರ್' ಇದೇ ಕುಟುಂಬದ್ದು.

"ನಾಳೆಯಿಂದ ಬರುವುದಿಲ್ಲ"

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತೆ. ಸೇನೆಯಿಂದ ಎಚ್‌ಆರ್‌ಗೆ ಬಂದ ಎಲ್ಲರೂ ಗೆಲ್ಲುವುದಿಲ್ಲ. ಸೋಲುವವರು ಏಕೆ ಸೋಲುತ್ತಾರೆಂಬುದನ್ನು ನಾನು ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹತ್ತಿರದಿಂದ ಕಂಡೆ.

ಅಲ್ಲಿಗೆ ಎಚ್‌ಆರ್ ಮುಖ್ಯಸ್ಥರಾಗಿ ಒಬ್ಬ ಮಾಜಿ ಮೇಜರ್ ಬಂದಿದ್ದರು. ಒಳ್ಳೆಯ ಮನುಷ್ಯ. ಬೆಳಿಗ್ಗೆ ಎಂಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಕ್ಯಾಂಟೀನಿನ ಸಾಂಬಾರನ್ನು ತಾವೇ ರುಚಿ ನೋಡುತ್ತಿದ್ದರು. ಒಂದು ತಿಂಗಳು ಓವರ್‌ಟೈಮ್ ಹಣ ತಡವಾಯಿತು. ಒಂದು ಲೈನಿನ ಹೆಣ್ಣುಮಕ್ಕಳು ಮಷೀನ್ ನಿಲ್ಲಿಸಿ ಕೂತರು. ಮೇಜರ್ ಬಂದು, ಮೊದಲು ಎಲ್ಲರೂ ಜಾಗಕ್ಕೆ ಹೋಗಿ, ಆಮೇಲೆ ಮಾತು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇಪ್ಪತ್ತು ವರ್ಷದ ರೂಢಿ ಇತ್ತು. ಹಾಸನ ಕಡೆಯ ಒಬ್ಬ ಟೈಲರ್ ಎದ್ದು ನಿಂತು ಶಾಂತವಾಗಿ ಕೇಳಿದಳು: "ಹೋಗುವುದಿಲ್ಲ ಸರ್. ನಾಳೆಯಿಂದ ಕೆಲಸಕ್ಕೇ ಬರುವುದಿಲ್ಲ. ನೀವು ಏನು ಮಾಡುತ್ತೀರಿ?"

ಅವರ ಬಳಿ ಉತ್ತರವಿರಲಿಲ್ಲ. ಅವರ ಕೈಕೆಳಗಿದ್ದ ಯಾರೂ ಅವರಿಗೆ ಆ ಮಾತು ಹೇಳಲು ಸಾಧ್ಯವೇ ಇರಲಿಲ್ಲ. ಸೇನೆಯಲ್ಲಿ ಹೇಳದೆ ಹೋದರೆ ಅದು ಸೇನಾ ಕಾಯ್ದೆಯಡಿ ಅಪರಾಧ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಸೀಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆ ಅದರಂತೆ ಕಾರ್ಮಿಕ ಸಂಘ ಸೇರುವುದಕ್ಕೂ ಕಡಿವಾಣ ಹಾಕಲು ಅವಕಾಶ ನೀಡುತ್ತದೆ. ಕಾರ್ಖಾನೆಯಲ್ಲಿರುವ ಟೈಲರ್‌ಗೆ 19ನೇ ವಿಧಿಯ ಸಂಘ ಕಟ್ಟುವ ಹಕ್ಕು ಪೂರ್ತಿಯಾಗಿದೆ, ಪಕ್ಕದ ರಸ್ತೆಯ ಕಾರ್ಖಾನೆ ತಿಂಗಳಿಗೆ ಐನೂರು ರೂಪಾಯಿ ಹೆಚ್ಚು ಕೊಡಲು ಕಾದಿದೆ. ಎಚ್‌ಆರ್‌ಗೆ ಬರುವ ಸೈನಿಕ ದಾಟಬೇಕಾದ ನಿಜವಾದ ಗಡಿ ಈ ಎರಡು ವಿಧಿಗಳ ನಡುವೆ ಇದೆ. ಅಲ್ಲಿ ಜನ ಇದ್ದೇ ಇರುತ್ತಾರೆ ಎಂದುಕೊಂಡು ಅವರನ್ನು ನೋಡಿಕೊಳ್ಳಬೇಕು, ಇಲ್ಲಿ ನೋಡಿಕೊಂಡರೆ ಮಾತ್ರ ಜನ ಇರುತ್ತಾರೆ.

ಮೇಜರ್ ಆ ದಿನ ಒಂದು ಒಳ್ಳೆಯ ಕೆಲಸ ಮಾಡಿದರು. ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಓವರ್‌ಟೈಮ್ ಪಟ್ಟಿ ತರಿಸಿಕೊಂಡು, ಅದೇ ಲೈನಿನ ನೆಲದ ಮೇಲೆ ಕೂತು, ಒಬ್ಬೊಬ್ಬರ ಗಂಟೆಗಳನ್ನು ಅವರೆದುರೇ ಓದಿ ತಾಳೆ ನೋಡಿದರು. ಹನ್ನೊಂದು ಜನರ ಲೆಕ್ಕ ತಪ್ಪಿತ್ತು. ಸಂಜೆಯೊಳಗೆ ಹಣ ಬಂತು. ಸೇನೆ ಅವರಿಗೆ ಕಲಿಸಿದ್ದೂ ಅದನ್ನೇ, ಆದರೆ ಆಜ್ಞೆಯ ದನಿಯ ಕೆಳಗೆ ಅದು ಹೂತುಹೋಗಿತ್ತು.

ಈ ಕಾರಣಕ್ಕೇ, ಮಾಜಿ ಸೈನಿಕರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಮಾಲೀಕರು 'ಶಿಸ್ತು ಬರುತ್ತದೆ' ಎಂದು ಹೇಳಿದರೆ ನನಗೆ ಆತಂಕವಾಗುತ್ತದೆ. ಶಿಸ್ತಿನ ಹೆಸರಿನಲ್ಲಿ ಅವರು ಬಯಸುತ್ತಿರುವುದು ಕಾರ್ಮಿಕರು ಬಾಯಿ ಮುಚ್ಚಿಕೊಂಡಿರಲಿ ಎಂಬುದನ್ನು. ಅದಕ್ಕಾಗಿ ಸುಬೇದಾರರನ್ನು ತಂದರೆ ಅವರ ಇಪ್ಪತ್ತೈದು ವರ್ಷಗಳ ಕಲಿಕೆಯಲ್ಲಿ ಅತ್ಯಂತ ಕಡಿಮೆ ಬೆಲೆಯದ್ದನ್ನು ಕೊಂಡಂತೆ.

ವಿಚಾರಣೆಯ ವಿಷಯದಲ್ಲೂ ಇಂಥದೇ ಎರಡು ಮುಖಗಳಿವೆ. ಸೇನೆಯ ಸಂಕ್ಷಿಪ್ತ ವಿಚಾರಣೆಯಾದ ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಅಧಿಕಾರಿಯೇ ನ್ಯಾಯಾಲಯ. ಕಾರ್ಖಾನೆಯ ಆಂತರಿಕ ವಿಚಾರಣೆಯಲ್ಲಿ ದೂರು ಕೊಟ್ಟವನೇ ತೀರ್ಪು ಕೊಟ್ಟರೆ ಕಾರ್ಮಿಕ ನ್ಯಾಯಾಲಯದಲ್ಲಿ ಅದು ನಿಲ್ಲುವುದಿಲ್ಲ. ಅಮಾನತಾದವನಿಗೆ ಮೊದಲ 90 ದಿನ ಶೇ 50, ಕಾರ್ಮಿಕನ ತಪ್ಪಿಲ್ಲದೆ ವಿಚಾರಣೆ ಮುಂದಕ್ಕೆ ಹೋದರೆ ನಂತರ ಶೇ 75 ಜೀವನಾಂಶ ಭತ್ಯೆ ಕೊಡಬೇಕು. ಇದನ್ನು ಹೊಸದಾಗಿ ಕಲಿಯಬೇಕು. ಆದರೆ ಸೇನೆಯಲ್ಲಿ ಘಟನೆಯ ಸತ್ಯಾಂಶ ತಿಳಿಯಲು ನಡೆಸುವ ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ ಯಾರ ನಡತೆಗೆ ಕಳಂಕ ಬರುವ ಸಂಭವವಿದೆಯೋ ಅವನು ಹಾಜರಿದ್ದು ಸಾಕ್ಷಿಗಳನ್ನು ಪಾಟಿಸವಾಲು ಮಾಡುವ ಹಕ್ಕನ್ನು ಸೇನಾ ನಿಯಮ 180 ಕೊಡುತ್ತದೆ. ಆರೋಪಪಟ್ಟಿ, ಸಾಕ್ಷ್ಯದ ಸಾರಾಂಶ, ಹೇಳಿಕೆಯ ಕೆಳಗೆ ಸಹಿ, ಇದೆಲ್ಲ ಜೆಸಿಒ ಒಬ್ಬರಿಗೆ ಹೊಸದಲ್ಲ. ಫೋನಿನಲ್ಲೇ ಕೆಲಸದಿಂದ ತೆಗೆದು ಆಮೇಲೆ ಕಾಗದ ಹುಡುಕುವ ಎಷ್ಟೋ ನಾಗರಿಕ ಮ್ಯಾನೇಜರ್‌ಗಳಿಗಿಂತ ಅವರು ಮುಂದಿದ್ದಾರೆ.

ನರಸಾಪುರ ಕಲಿಸಿದ ಪಾಠ

2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಜೋಡಣಾ ಘಟಕದಲ್ಲಿ ನಡೆದದ್ದು ಕರ್ನಾಟಕದ ಎಚ್‌ಆರ್ ವಲಯಕ್ಕೆ ಇನ್ನೂ ನೆನಪಿದೆ. ವೇತನ ಸರಿಯಾಗಿ ಬಂದಿಲ್ಲವೆಂದು ಸಿಟ್ಟಾದ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಕಾರ್ಖಾನೆಯ ಗಾಜು, ಪೀಠೋಪಕರಣ, ವಾಹನಗಳನ್ನು ಒಡೆದರು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆ ಕಂಡುಕೊಂಡದ್ದು ನಮ್ಮ ವೃತ್ತಿಯ ಬಗ್ಗೆಯೇ ಇತ್ತು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ದುಪ್ಪಟ್ಟಾಗಿದ್ದರೂ, ಕಾರ್ಮಿಕ ಕಾನೂನು ಬಲ್ಲವರಿರುವ ತಕ್ಕ ಎಚ್‌ಆರ್ ವಿಭಾಗ ಅಲ್ಲಿರಲಿಲ್ಲ. ಹಾಜರಿ ದಾಖಲಾತಿಯ ವ್ಯವಸ್ಥೆ ಸರಿಯಿರಲಿಲ್ಲ. ವೇತನ ಪಾವತಿಯಲ್ಲಿ ಲೋಪವಾಗಿದ್ದನ್ನು ಕಂಪನಿಯೂ ಒಪ್ಪಿಕೊಂಡಿತು.

ಅದಕ್ಕೂ ಮೊದಲು, 2016ರ ಏಪ್ರಿಲ್‌ನಲ್ಲಿ, ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರು ಬೀದಿಗಿಳಿದರು. ಬೊಮ್ಮನಹಳ್ಳಿ, ಜಾಲಹಳ್ಳಿ ಕ್ರಾಸ್, ಹೊಸೂರು ರಸ್ತೆ ಎರಡು ದಿನ ಸ್ತಬ್ಧವಾದವು. ಬಹುಪಾಲು ಹೆಣ್ಣುಮಕ್ಕಳು, ಮುಂದೆ ನಿಂತು ನಡೆಸಿದ ದೊಡ್ಡ ನಾಯಕರು ಯಾರೂ ಇಲ್ಲ. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಎಷ್ಟೋ ಕಾರ್ಖಾನೆಗಳ ಎಚ್‌ಆರ್‌ಗಳಿಗೆ ತಮ್ಮ ಜನ ಇಷ್ಟು ಕುದಿಯುತ್ತಿದ್ದಾರೆಂದು ತಿಳಿದದ್ದು ಟಿವಿ ನೋಡಿದ ಮೇಲೆ. ಆ ದಿನಗಳಲ್ಲಿ ನಾನೂ ಅಂಥದೇ ಒಬ್ಬನಾಗಿದ್ದೆ.

ಎರಡೂ ಕಡೆ ಇಲ್ಲದೆ ಹೋದದ್ದು ಸಂಜೆಯ "ಕೋಯಿ ಪಾಯಿಂಟ್?" ಎಂಬ ಆ ಪ್ರಶ್ನೆ, ಮತ್ತು ಅದಕ್ಕೆ ಬಂದ ಉತ್ತರವನ್ನು ಮೇಲಕ್ಕೆ ಒಯ್ಯುವ ಮನುಷ್ಯ. ಹೊಸ ಕಾರ್ಮಿಕ ಸಂಹಿತೆಗಳು ಇಂಥ ಮನುಷ್ಯರ ಅಗತ್ಯವನ್ನು ಹೆಚ್ಚಿಸಿವೆ. 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಕಲಂ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಬೇಕಿತ್ತು. ಹೊಸ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆ. ದೊಡ್ಡಬಳ್ಳಾಪುರ, ಬಿಡದಿ, ಹಾರೋಹಳ್ಳಿ, ಹುಬ್ಬಳ್ಳಿ, ಬೆಳಗಾವಿಗಳ ಎಷ್ಟೋ ಮಧ್ಯಮ ಗಾತ್ರದ ಕಾರ್ಖಾನೆಗಳು ಈ ಲೆಕ್ಕದೊಳಗೆ ಬರುತ್ತವೆ. ಇಲ್ಲಿಯವರೆಗೆ ಈ ಹುದ್ದೆಗೆ ಬರುತ್ತಿದ್ದವರು ಹೆಚ್ಚಾಗಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ ಹುಡುಗ ಹುಡುಗಿಯರು. ಅವರ ಓದನ್ನು ನಾನು ಗೌರವಿಸುತ್ತೇನೆ, ನಾನೂ ಅದನ್ನೇ ಓದಿದವನು. ಆದರೆ 23ರ ಹರೆಯದಲ್ಲಿ ನನಗೆ ಒಬ್ಬ ಹೆಲ್ಪರ್‌ನ ಮನೆಯ ಕಷ್ಟ ಅರ್ಥವಾಗುತ್ತಿರಲಿಲ್ಲ.

ಇಲ್ಲೇ ಒಂದು ತೊಡಕಿದೆ. ಜೆಸಿಒಗಳಲ್ಲಿ ಅನೇಕರು ಹತ್ತನೇ ತರಗತಿ ಅಥವಾ ಪಿಯುಸಿ ಮುಗಿಸಿ ಸೇನೆಗೆ ಸೇರಿದವರು. ಹತ್ತನೇ ತರಗತಿ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದು ಪರಿಗಣಿಸುತ್ತಾರೆ. ಖಾಸಗಿ ಕಂಪನಿಯ ಕಂಪ್ಯೂಟರ್ ಹಾಗೆ ಪರಿಗಣಿಸುವುದಿಲ್ಲ, ಪದವಿಯ ಕಾಲಂ ಖಾಲಿ ಇದ್ದರೆ ಅರ್ಜಿಯನ್ನೇ ಬದಿಗೆ ಸರಿಸುತ್ತದೆ. ಹಾಗಾಗಿ ಸೇವೆಯಲ್ಲಿರುವ ತಮ್ಮಂದಿರಿಗೆ ನನ್ನ ಒಂದೇ ಕಳಕಳಿಯ ಮಾತು: ಕೊನೆಯ ವರ್ಷದ ತನಕ ಕಾಯಬೇಡಿ. ಇಗ್ನೊದಂಥ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿ. ಪುನರ್ವಸತಿ ಕೋರ್ಸ್ ಆಯ್ಕೆ ಮಾಡುವಾಗ, ಗೆಳೆಯರೆಲ್ಲ ಹೋಗುವ ಕೋರ್ಸಿಗೆ ಹೋಗದೆ ಕಾರ್ಮಿಕ ಕಾನೂನು, ವೇತನ ನಿರ್ವಹಣೆ ಕಲಿಸುವುದನ್ನು ಹುಡುಕಿ. ಬಯೋಡೇಟಾದಲ್ಲಿ 'ಕಂಪನಿ ಸೀನಿಯರ್ ಜೆಸಿಒ' ಎಂದಷ್ಟೇ ಬರೆದರೆ ನಾಗರಿಕ ಓದುಗನಿಗೆ ಏನೂ ತಿಳಿಯುವುದಿಲ್ಲ. '120 ಜನರ ರಜೆ, ವಸತಿ, ಊಟ, ದೂರು, ಕುಟುಂಬ ಸಂಪರ್ಕವನ್ನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ' ಎಂದು ಬರೆಯಿರಿ. ಅದು ಜಂಬವಲ್ಲ, ನಡೆದದ್ದು.

ಅಗ್ನಿಪಥದಡಿ ಸೇರಿದ ಅಗ್ನಿವೀರರ ಮಾತು ಬೇರೆ, ಅದನ್ನು ಸಿಹಿ ಸವರಿ ಹೇಳಬಾರದು. ನಾಲ್ಕು ವರ್ಷದಲ್ಲಿ ತರಬೇತಿ ಕಳೆದು ಉಳಿಯುವ ಅವಧಿಯಲ್ಲಿ ಅವರು ಆಜ್ಞೆ ಪಾಲಿಸಿರುತ್ತಾರೆ, ಜನರನ್ನು ನಡೆಸಿರುವುದಿಲ್ಲ. ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಕೈಯಲ್ಲಿರುತ್ತದೆ, ಪಿಂಚಣಿ ಇರುವುದಿಲ್ಲ. ಅವರಿಗೆ ಎಚ್‌ಆರ್ ಎಂದರೆ ಮೊದಲ ಮೆಟ್ಟಿಲಿನಿಂದಲೇ ಶುರು: ಹಾಜರಿ, ನೇಮಕಾತಿ ಸಹಾಯ, ದಾಖಲೆ ಪರಿಶೀಲನೆ. ಆ ಹಣದ ಒಂದು ಪಾಲು ಓದಿಗೆ ಹೋದರೆ ಇಪ್ಪತ್ತೈದರ ಹರೆಯ ಅವರಿಗೆ ತಡವೇನಲ್ಲ. ಅಲ್ಪಾವಧಿ ಕಮಿಷನ್‌ನಲ್ಲಿ 10ರಿಂದ 14 ವರ್ಷ ಸೇವೆ ಮಾಡಿ ಪಿಂಚಣಿಯಿಲ್ಲದೆ ಹೊರಬರುವ ಅಧಿಕಾರಿಗಳೂ ಇದ್ದಾರೆ, ಅವರಲ್ಲಿ ಮಹಿಳೆಯರೂ ಇದ್ದಾರೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು. ಹೆಣ್ಣುಮಕ್ಕಳೇ ತುಂಬಿರುವ ನಮ್ಮ ಉಡುಪು ಕಾರ್ಖಾನೆಗಳಿಗೆ ಮುಂದೊಂದು ದಿನ ಇಂಥವರು ಎಚ್‌ಆರ್ ಆಗಿ ಬಂದರೆ ಎಷ್ಟು ಚೆನ್ನ ಎಂದು ಆಗಾಗ ಅಂದುಕೊಳ್ಳುತ್ತೇನೆ. ಗಂಡಸರೇ ಇರುವ ಯೂನಿಟ್ಟುಗಳಲ್ಲಿ ಬದುಕು ಕಳೆದ ಸುಬೇದಾರರಿಗೆ ಹೆಣ್ಣುಮಕ್ಕಳ ದೂರು ಕೇಳುವುದು ಹೊಸ ಪಾಠ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯನ್ನು ಅವರು ಸಾಲು ಸಾಲಾಗಿ ಓದಲೇಬೇಕು.

ಆದರೆ ಅವರ ಬಳಿ ಇರುವ ಒಂದು ಶಕ್ತಿ ಬೆಂಗಳೂರಿನಲ್ಲಿ ಬೇರೆ ಯಾರ ಬಳಿಯೂ ಅಷ್ಟಿಲ್ಲ. ಇಂದು ನಮ್ಮ ಕಾರ್ಖಾನೆಗಳ ಹಾಸ್ಟೆಲ್‌ಗಳಲ್ಲಿ ಒಡಿಶಾ, ಜಾರ್ಖಂಡ್, ಬಿಹಾರ, ಅಸ್ಸಾಂನ ಮಕ್ಕಳಿದ್ದಾರೆ. ಲೈನ್ ಸೂಪರ್‌ವೈಸರ್ ಕನ್ನಡದವರು. ಇಬ್ಬರ ನಡುವೆ ಸಣ್ಣ ಮಾತು ದೊಡ್ಡ ಜಗಳವಾಗುವುದನ್ನು ವಾರಕ್ಕೊಮ್ಮೆ ನೋಡುತ್ತೇನೆ. ಕೊಡಗಿನಿಂದಲೋ ವಿಜಯಪುರದಿಂದಲೋ ಸೇನೆಗೆ ಹೋಗಿ, ದೇಶದ ಮೂಲೆಮೂಲೆಯ ಹುಡುಗರೊಂದಿಗೆ ಒಂದೇ ಬ್ಯಾರಕ್‌ನಲ್ಲಿ ಮಲಗಿ, ಒಂದೇ ಲಂಗರಿನ (ಸೇನೆಯ ಸಾಮೂಹಿಕ ಅಡುಗೆಮನೆ) ಊಟ ಉಂಡು ಬಂದವರಿಗೆ ಇವರಿಬ್ಬರ ಭಾಷೆಯೂ ಬರುತ್ತದೆ, ಇಬ್ಬರ ಮನೆಯ ಹಂಬಲವೂ ಗೊತ್ತಿದೆ.

ಎರಡು ವರ್ಷದ ಹಿಂದೆ, ಈಗ ನಾನಿರುವ ಕಾರ್ಖಾನೆಯ ಹಾಸ್ಟೆಲ್ ಮತ್ತು ಕಾರ್ಮಿಕ ಸಂಪರ್ಕದ ಹುದ್ದೆಗೆ ಒಬ್ಬ ನಿವೃತ್ತ ಸುಬೇದಾರರು ಬಂದರು. ಈ ಸಲ ನಾನು ಎಚ್‌ಆರ್ ಅನುಭವ ಕೇಳಲಿಲ್ಲ. "ಯಾರಿಗಾದರೂ ರಜೆ ಇಲ್ಲ ಎಂದಿದ್ದೀರಾ? ಹೇಗೆ ಹೇಳಿದಿರಿ?" ಎಂದು ಕೇಳಿದೆ. ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ತಂಗಿಯ ಮದುವೆಗೆ ಹೋಗಲಾಗದ ಹುಡುಗನ ಕತೆ ಹೇಳಿದರು. ಹುಡುಗನಿಗೆ ಹೇಳುವ ಮೊದಲು ಅವನ ತಂದೆಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರಂತೆ. ಮದುವೆಯ ಮುಹೂರ್ತದ ಹೊತ್ತಿಗೆ ಅವನನ್ನು ಡ್ಯೂಟಿಯಿಂದ ಬಿಡಿಸಿ ಫೋನಿನ ಮುಂದೆ ಕೂರಿಸಿದರಂತೆ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಹಾಸ್ಟೆಲ್‌ನಲ್ಲಿರುವವರ ಮನೆಯ ಫೋನ್ ನಂಬರುಗಳ ಪಟ್ಟಿ ಕೇಳಿದರು. ಕೊಟ್ಟೆ. ಅರ್ಧ ಗಂಟೆಯಲ್ಲಿ ಪಟ್ಟಿ ಹಿಡಿದು ಮರಳಿ ಬಂದರು. ತುರ್ತು ಸಂಪರ್ಕದ ಕಾಲಂನಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗಿಯರ ಹೆಸರಿನ ಮುಂದೆ ಒಂದೇ ನಂಬರ್ ಇತ್ತು, ಅವರನ್ನು ಕರೆತಂದ ಗುತ್ತಿಗೆದಾರನದ್ದು. "ಇವರಿಗೇನಾದರೂ ಆದರೆ ನಾವು ಯಾರ ತಾಯಿಗೆ ಹೇಳುವುದು ಸರ್?" ಎಂದರು. ಆ ಪಟ್ಟಿಗೆ ಮೂರು ವರ್ಷದಿಂದ ಸಹಿ ಹಾಕುತ್ತಿದ್ದವನು ನಾನು. ಅಂದು ಸಂಜೆ ಪಾಳಿ ಮುಗಿದ ಮೇಲೆ ಅವರು ಹಾಸ್ಟೆಲ್ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ತೆರೆದು, ಒಬ್ಬೊಬ್ಬರನ್ನೇ ಕರೆದು ಊರು, ತಾಯಿಯ ಹೆಸರು, ನಂಬರ್ ಬರೆದುಕೊಳ್ಳತೊಡಗಿದರು.